ಹಾವು ನುಗ್ಗದ ಕೋಳಿ ಗೂಡು: ಜಾಲರಿ, ಕಂಬ, ಬಾಗಿಲು ಆರಿಸೋದು ಹೇಗೆ?

ನಾಟಿ ಕೋಳಿ ಸಾಕೋಕೆ ಹೊರಟವರು ನನಗೆ ಫೋನ್ ಮಾಡಿ ಮೊದಲು ಕೇಳೋದು ತಳಿ ಯಾವುದು ಅಂತ. ಆಮೇಲೆ ಮೇವಿನ ವಿಚಾರ. ಗೂಡಿನ ಮಾತು ಬರೋದು ಮೂರು ನಾಲ್ಕು ತಿಂಗಳಾದ ಮೇಲೆ, ಅದೂ ವಾಟ್ಸಾಪಿನಲ್ಲಿ ಒಂದು ಫೋಟೋ ಜೊತೆಗೆ. ಗೂಡಿನ ಮೂಲೆಯಲ್ಲಿ ಹೊಟ್ಟೆ ಉಬ್ಬಿಸಿಕೊಂಡು ಸುತ್ತಿ ಮಲಗಿರೋ ನಾಗರಹಾವು. ಕೆಳಗೆ ಒಂದು ಸಾಲು: "ಅಣ್ಣಾ, ಸುತ್ತ ಮೆಶ್ ಹಾಕಿದ್ವಿ, ಆದ್ರೂ ಹೆಂಗೆ ಬಂತು?"

ಫೋಟೋ ದೊಡ್ಡದು ಮಾಡಿ ನೋಡಿದ್ರೆ ಉತ್ತರ ಅಲ್ಲೇ ಇರುತ್ತೆ. ಆರು ಮೂಲೆಯ ಕಣ್ಣಿನ, ಅಂಗಡಿಯವರು 'ಚಿಕನ್ ಮೆಶ್' ಅಂತ ಕೊಡೋ ಜಾಲರಿ. ಹೆಸರಲ್ಲಿ ಕೋಳಿ ಇದೆ ನಿಜ. ಅದು ಕೋಳಿ ಹೊರಗೆ ಹೋಗದಂತೆ ತಡೆಯೋಕೆ ಮಾಡಿದ್ದು, ಹಾವು ಒಳಗೆ ಬರದಂತೆ ತಡೆಯೋಕಲ್ಲ. ಖಾಲಿ ಹೊಟ್ಟೆಯಲ್ಲಿ ಸಲೀಸಾಗಿ ತೂರಿ ಬಂದ ಹಾವು ಎರಡು ಮೂರು ಮರಿ ನುಂಗಿದ ಮೇಲೆ ಅದೇ ಕಣ್ಣಿನಲ್ಲಿ ವಾಪಸ್ ಹೋಗೋಕೆ ಆಗಲ್ಲ. ಅಲ್ಲೇ ಉಳಿಯುತ್ತೆ. ಬೆಳಗ್ಗೆ ನಸುಕಿನಲ್ಲಿ ಮೊಟ್ಟೆ ತೆಗೆಯೋಕೆ ಬುಟ್ಟಿಗೆ ಕೈ ಹಾಕೋದು ಹೆಚ್ಚಿನ ಮನೆಗಳಲ್ಲಿ ಅಮ್ಮ, ಇಲ್ಲಾ ಮಕ್ಕಳು.

ಹಾಗಾಗಿ ಇದು ನಾಲ್ಕು ಮರಿ ಹೋದ ಲೆಕ್ಕ ಅಲ್ಲ. ನಮ್ಮ ದೇಶದಲ್ಲಿ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅನ್ನೋದು ಸಂಶೋಧಕರ ಅಂದಾಜು. ಅಂದ್ರೆ ವರ್ಷಕ್ಕೆ ಸರಾಸರಿ 58 ಸಾವಿರ ಜನ, ಹೆಚ್ಚಿನವರು ಹಳ್ಳಿಯವರೇ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಮಾಡಿದ್ದು ಸುಮ್ಮನೆ ಅಲ್ಲ.

ಹಾವು ಸಾಕೋರಿಂದ ಕಲಿಯೋ ಲೆಕ್ಕ

ನಿಮ್ಮಲ್ಲಿ ಹಲವರು ಯೂಟ್ಯೂಬಿನಲ್ಲಿ ನೋಡಿರ್ತೀರಿ. ಅಮೆರಿಕ, ಯುರೋಪಿನ ಕಡೆ ಹುಡುಗರು ಹೆಬ್ಬಾವು, ಹಲ್ಲಿ ಜಾತಿಗಳನ್ನು ಸಾಕೋಕೆ ಮನೆಯಲ್ಲೇ ಪೆಟ್ಟಿಗೆ ಕಟ್ಟೋ ವಿಡಿಯೋಗಳು. ಪ್ಲೈವುಡ್ಡಾ, ಪಿವಿಸಿ ಶೀಟಾ, ಗಾಜಾ ಅಂತ ಗಂಟೆಗಟ್ಟಲೆ ಚರ್ಚೆ. ನಮ್ಮಲ್ಲಿ ಅದನ್ನು ಮಾಡೋಕೆ ಹೋಗಬೇಡಿ. ಇಲ್ಲಿನ ಹಾವು, ಉಡ, ನಕ್ಷತ್ರ ಆಮೆ ಹಿಡಿದು ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಮನೆಗೆ ಅದೃಷ್ಟ ಬರುತ್ತೆ ಅಂತ ನಕ್ಷತ್ರ ಆಮೆ ಇಟ್ಟುಕೊಂಡ್ರೂ ಕೇಸೇ. ಆದ್ರೆ ಆ ವಿಡಿಯೋಗಳನ್ನು ನಾನು ನೋಡ್ತೀನಿ, ಬೇರೆ ಕಾರಣಕ್ಕೆ. ಅವರ ತಲೆನೋವು ಹಾವು ಹೊರಗೆ ಹೋಗಬಾರದು ಅನ್ನೋದು, ನಮ್ಮ ತಲೆನೋವು ಒಳಗೆ ಬರಬಾರದು ಅನ್ನೋದು. ಗೋಡೆಯ ಎರಡು ಬದಿ ನಿಂತು ಒಂದೇ ಸಂದು ಹುಡುಕ್ತಿದ್ದೀವಿ.

ಅವರು ಹೇಳೋ ಮುಖ್ಯ ವಿಚಾರ ಒಂದೇ: ಹಾವಿಗೆ ಕಡಿಯೋ ಹಲ್ಲಿಲ್ಲ, ಅಗೆಯೋ ಉಗುರಿಲ್ಲ. ಇಲಿ ಹಾಗೆ ಮರ ಕೊರೆಯಲ್ಲ, ನಾಯಿ ಹಾಗೆ ತಂತಿ ಎಳೆಯಲ್ಲ. ಇರೋ ಸಂದನ್ನು ಮೂತಿಯಿಂದ ಒತ್ತಿ ಒತ್ತಿ ಹುಡುಕುತ್ತೆ. ತಲೆ ತೂರಿದ್ರೆ ಸಾಧಾರಣವಾಗಿ ಮೈಯೂ ತೂರುತ್ತೆ. ಹಾಗಾಗಿ ಸಾಮಗ್ರಿ ಎಷ್ಟು ಗಟ್ಟಿ, ಎಷ್ಟು ದುಬಾರಿ ಅನ್ನೋದಕ್ಕಿಂತ ಎರಡು ಸಾಮಗ್ರಿ ಸೇರೋ ಜಾಗದಲ್ಲಿ ಎಷ್ಟು ಸಂದು ಉಳೀತು ಅನ್ನೋದೇ ಗೂಡಿನ ಹಣೆಬರಹ. ಕಾಂಕ್ರೀಟ್ ಪಿಲ್ಲರ್ ಹಾಕಿ, ಬಾಗಿಲ ಕೆಳಗೆ ಎರಡು ಬೆರಳು ಸಂದು ಬಿಟ್ಟಿರೋ ಗೂಡು ನೋಡಿದ್ದೀನಿ. ಬಿದಿರು ಕಟ್ಟಿ, ಒಂದು ಸಂದೂ ಬಿಡದ ಗೂಡೂ ನೋಡಿದ್ದೀನಿ. ಎರಡನೇದರಲ್ಲಿ ಕೋಳಿ ನೆಮ್ಮದಿಯಾಗಿ ಮಲಗುತ್ತೆ.

ಜಾಲರಿಗೆ ದುಡ್ಡು ಹಾಕಿ, ಚಾವಣಿಗೆ ಅಲ್ಲ

ಮೊದಲು ಅಳತೆ ಲೆಕ್ಕ ಹಾಕೋಣ. ಹಗಲು ತೋಟದಲ್ಲಿ ಮೇಯ್ದು ರಾತ್ರಿ ಒಳಗೆ ಬರೋ 20 ಕೋಳಿಗೆ, ಒಂದಕ್ಕೆ 2 ಚದರ ಅಡಿಯಂತೆ 40 ಚದರ ಅಡಿ ಸಾಕು. 8 ಅಡಿ ಉದ್ದ, 5 ಅಡಿ ಅಗಲ. ಸುತ್ತಳತೆ 26 ಅಡಿ. ಕೆಳಗೆ 2 ಅಡಿ ಗೋಡೆ, ಮೇಲೆ 4 ಅಡಿ ಜಾಲರಿ ಅಂದ್ರೆ 4 ಅಡಿ ಅಗಲದ ರೋಲಿನಲ್ಲಿ 26 ಅಡಿ, ಅಂಚು ಮಡಚೋಕೆ ಇನ್ನೆರಡು ಅಡಿ. ಬಾಗಿಲಿನ ಕೆಳಭಾಗಕ್ಕೆ ತಗಡು ಹೊಡೆದ್ರೆ ಬಾಗಿಲಿಗೆ ಬೇಕಾದ ಜಾಲರಿಯೂ ಇದರಲ್ಲೇ ಬರುತ್ತೆ. ಇಷ್ಟೇ ನಿಮ್ಮ ಮುಖ್ಯ ಖರ್ಚು.

ಯಾವ ಜಾಲರಿ? ಚೌಕ ಕಣ್ಣಿನ, ಬೆಸುಗೆ ಹಾಕಿದ ವೆಲ್ಡ್ ಮೆಶ್. ಕಣ್ಣಿನ ಅಳತೆ ಅರ್ಧ ಇಂಚು ಮೀರಬಾರದು. ಮೊಟ್ಟೆ, ಮರಿ ನುಂಗೋವಷ್ಟು ದೊಡ್ಡ ನಾಗರ, ಕೇರೆ ಅರ್ಧ ಇಂಚಿನಲ್ಲಿ ತೂರಲ್ಲ. ಆದ್ರೆ ಆಗ ತಾನೇ ಹೊರಬಂದ ಹಾವಿನ ಮರಿ ತೂರುತ್ತೆ. ಅದು ಮೊಟ್ಟೆ ನುಂಗಲಾರದು ನಿಜ, ನಾಗರ ಮರಿ ಅಂದ್ರೆ ಹುಟ್ಟಿದ ದಿನದಿಂದಲೇ ವಿಷ ಇರುತ್ತೆ. ಅದಕ್ಕೇ ನನ್ನ ಸಲಹೆ: ಕೋಳಿ ಮರಿಗಳ ಭಾಗಕ್ಕೆ, ಮೊಟ್ಟೆ ಇಡೋ ಪೆಟ್ಟಿಗೆಯ ಆಸುಪಾಸಿಗೆ ಕಾಲು ಇಂಚು. ಉಳಿದ ಕಡೆ ಅರ್ಧ ಇಂಚು. ಎಲ್ಲಾ ಕಡೆ ಕಾಲು ಇಂಚೇ ಹಾಕಬಹುದಲ್ಲ ಅಂದ್ರೆ, ಹಾಕಬಹುದು. ಆದ್ರೆ ಅಂಗಡಿಗಳಲ್ಲಿ ಸಿಗೋ ಕಾಲು ಇಂಚಿನ ಮೆಶ್‌ಗೆ ಸಾಮಾನ್ಯವಾಗಿ ತಂತಿ ತೆಳು, ಬೀದಿ ನಾಯಿ ಹಾರಿ ಬಿದ್ರೆ ಕಿತ್ತು ಬರುತ್ತೆ. ಪುಕ್ಕ, ಧೂಳು ಕಟ್ಟಿಕೊಂಡು ಗಾಳಿಯೂ ಕಡಿಮೆ ಆಗುತ್ತೆ.

ಗೇಜ್ ವಿಚಾರದಲ್ಲಿ ಗೊಂದಲ ಜಾಸ್ತಿ. ನಂಬರ್ ದೊಡ್ಡದಾದಷ್ಟೂ ತಂತಿ ತೆಳು. 22 ಗೇಜ್ ಅಂದ್ರೆ ಸುಮಾರು 0.7 ಮಿಲಿಮೀಟರ್, 20 ಅಂದ್ರೆ 0.9, 18 ಅಂದ್ರೆ 1.2. ಅರ್ಧ ಇಂಚಿನ ಮೆಶ್‌ನಲ್ಲಿ 20ಕ್ಕಿಂತ ತೆಳು ಬೇಡ. ನಾಯಿ ಕಾಟ ಇರೋ ಕಡೆ 18 ಕೇಳಿ. ಅಂಗಡಿಯವರ ಬಾಯಿ ಮಾತು ನಂಬೋ ಬದಲು, ಪಕ್ಕದಲ್ಲೇ ಎರಡು ಥರ ರೋಲ್ ಇಟ್ಟು ಬೆರಳಲ್ಲಿ ಬಗ್ಗಿಸಿ ನೋಡಿ, ಗೊತ್ತಾಗುತ್ತೆ.

ಇನ್ನೊಂದು ಪರೀಕ್ಷೆ ತಂತಿ ಕೂಡೋ ಗಂಟುಗಳದ್ದು. ಬೆಸುಗೆ ಆದ ಮೇಲೆ ಸತುವಿನಲ್ಲಿ ಅದ್ದಿದ ಮೆಶ್ ಆದ್ರೆ ಗಂಟಿನ ಮೇಲೂ ಬೆಳ್ಳಗೆ ಸತು ಕೂತಿರುತ್ತೆ. ಮೊದಲೇ ಸತು ಹಚ್ಚಿದ ತಂತಿ ತಂದು ಆಮೇಲೆ ಬೆಸುಗೆ ಹಾಕಿದ್ರೆ ಗಂಟಿನಲ್ಲಿ ಕಪ್ಪು, ಕಂದು ಸುಟ್ಟ ಕಲೆ ಕಾಣುತ್ತೆ. ತುಕ್ಕು ಶುರುವಾಗೋದು ಅಲ್ಲೇ. ಕೋಳಿ ಗೊಬ್ಬರದ ಅಮೋನಿಯಾ, ಮಳೆಗಾಲದ ತೇವ ಸೇರಿದ್ರೆ ಅಂಥ ಮೆಶ್ ಗಂಟು ಗಂಟಲ್ಲೇ ಬಿಟ್ಟುಕೊಳ್ಳುತ್ತೆ, ಮತ್ತೆ ನಿಮಗೆ ಒಂದಿಂಚಿನ ಕಣ್ಣು ತಯಾರು.

ಜೋಡಿಸೋವಾಗ ಬರೀ ಸ್ಟೇಪ್ಲರ್ ಪಿನ್ ಹೊಡೆದು ಬಿಡಬೇಡಿ. ಮೆಶ್ ಅಂಚಿನ ಮೇಲೆ ಮರದ ರೀಪರ್ ಇಟ್ಟು ಸ್ಕ್ರೂ ಹಾಕಿ. ಎರಡು ತುಂಡು ಸೇರೋ ಕಡೆ ಕನಿಷ್ಠ ಎರಡು ಇಂಚು ಒಂದರ ಮೇಲೊಂದು ಬಂದು, ನಾಲ್ಕು ಇಂಚಿಗೊಂದು ಕಡೆ ಜಿಐ ತಂತಿಯಲ್ಲಿ ಬಿಗಿಯಾಗಿ ಕಟ್ಟಬೇಕು. ಸಡಿಲ ಅಂಚು ಹಾವಿಗೆ ಬಾಗಿಲು ಪರದೆ ಇದ್ದ ಹಾಗೆ.

ನೈಲಾನ್ ಬಲೆ ಬೇಡವೇ ಬೇಡ

ಅಗ್ಗ ಅಂತ ಹಕ್ಕಿ ಬಲೆ, ಹಳೆ ಮೀನಿನ ಬಲೆ ಸುತ್ತೋರು ಬಹಳ ಜನ. ಈ ವಿಚಾರದಲ್ಲಿ ನಾನು ಸ್ವಲ್ಪ ಖಾರವಾಗೇ ಹೇಳ್ತೀನಿ, ಮಾಡಬೇಡಿ. ಹಾವಿನ ಹೊಟ್ಟೆಯ ಹುರುಪೆಗಳು ಹಿಂದಕ್ಕೆ ಬಾಗಿರುತ್ತವೆ. ನೈಲಾನ್ ಕಣ್ಣಲ್ಲಿ ಅರ್ಧ ಮೈ ತೂರಿದ ಮೇಲೆ ಹಿಂದಕ್ಕೆ ಎಳೆದುಕೊಳ್ಳೋಕೆ ಆಗಲ್ಲ. ಮುಂದಕ್ಕೆ ಒತ್ತಿದಷ್ಟೂ ದಾರ ಮೈಗೆ ಕೊರೆಯುತ್ತೆ.

ಎರಡು ಬೇಸಿಗೆ ಹಿಂದೆ, ನಮ್ಮ ಗುಬ್ಬಿ ಕಡೆಯ ತೋಟದ ಪಕ್ಕದಲ್ಲಿ ತರಕಾರಿ ಮಡಿಗೆ ಹಾಕಿದ್ದ ಬಲೆ ಅರ್ಧ ಜಾರಿ ನೆಲದ ಮೇಲೆ ಬಿದ್ದಿತ್ತು. ಅದರಲ್ಲಿ ಆರಡಿ ಉದ್ದದ ಕೇರೆ ಹಾವು. ನಾವು ನೋಡೋವಾಗ ಬಿಸಿಲು ಏರಿತ್ತು. ಹಾವು ಹಿಡಿಯೋ ಪರಿಣತರು ಬಂದು, ಒದ್ದೆ ಬಟ್ಟೆ ಹೊದಿಸಿ, ಉಗುರು ಕತ್ತರಿಯಂಥ ಸಣ್ಣ ಕತ್ತರಿಯಲ್ಲಿ ಒಂದೊಂದೇ ದಾರ ಬಿಡಿಸೋಕೆ ಒಂದು ಗಂಟೆ ಹಿಡೀತು. ಕೆಲವು ಕಡೆ ದಾರ ಚರ್ಮದ ಒಳಗೇ ಹೋಗಿತ್ತು. ಅವರು ಅದನ್ನು ಚೀಲಕ್ಕೆ ಹಾಕಿಕೊಂಡು ಹೋದ್ರು, ಬದುಕೀತು ಅಂತ ಮಾತ್ರ ಹೇಳಲಿಲ್ಲ. ಕೇರೆ ಅಂದ್ರೆ ನಮ್ಮ ತೋಟದಲ್ಲಿ ಸಂಬಳ ಇಲ್ಲದೆ ಇಲಿ, ಹೆಗ್ಗಣ ಹಿಡಿಯೋ ಆಳು. ತೆಂಗಿನ ಹರಳು ಉದುರಿಸೋ ಇಲಿಗೆ ನೀವು ಏನೇನು ಮಾಡ್ತೀರಿ ಅಂತ ನನಗೆ ಗೊತ್ತು, ಕೇರೆಗಿಂತ ಚೆನ್ನಾಗಿ ಯಾವುದೂ ಕೆಲಸ ಮಾಡಲ್ಲ.

ಸಿಕ್ಕಿದ್ದು ಕೇರೆ ಬದಲು ನಾಗರ ಅಥವಾ ಕೊಳಕು ಮಂಡಲ ಆಗಿದ್ರೆ? ನೋವಲ್ಲಿ, ಭಯದಲ್ಲಿ ಇರೋ ಹಾವಿನ ಹತ್ತಿರ ಕತ್ತರಿ ಹಿಡಿದು ಕೂರೋ ಧೈರ್ಯ ಯಾರಿಗೂ ಬೇಡ. ನಿಮ್ಮ ಭಾಗದ ವಲಯ ಅರಣ್ಯ ಕಚೇರಿಯ ನಂಬರ್ ಇವತ್ತೇ ಫೋನಲ್ಲಿ ಉಳಿಸಿಕೊಳ್ಳಿ. ಯಾರಿಗಾದ್ರೂ ಕಚ್ಚಿದ್ರೆ ಕಟ್ಟು ಕಟ್ಟೋದು, ಕೊಯ್ಯೋದು, ಹೀರೋದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗದ ಹಾಗೆ ಇಟ್ಟು, 108ಕ್ಕೆ ಫೋನ್ ಮಾಡಿ, ವಿಷ ನಿರೋಧಕ ಚುಚ್ಚುಮದ್ದು ಇರೋ ಆಸ್ಪತ್ರೆಗೆ ನೇರ ಹೋಗಿ.

ಗೋಡೆ, ಕಂಬ, ನೆಲ

ಕೆಳಗಿನ ಎರಡಡಿ ಗೋಡೆಗೆ ನಿಮ್ಮ ಊರಲ್ಲಿ ಹತ್ತಿರ ಸಿಗೋದನ್ನೇ ಬಳಸಿ. ಕರಾವಳಿಯಲ್ಲಿ ಮುರಕಲ್ಲು, ನಮ್ಮ ಕಡೆ ಸೈಜುಗಲ್ಲು, ಇಟ್ಟಿಗೆ. ಯಾವುದೇ ಆಗಲಿ, ಮಣ್ಣಿನಲ್ಲಿ ಬರೀ ಪೇರಿಸಿಟ್ಟ ಕಲ್ಲು ಬೇಡ, ಅದರ ಸಂದುಗಳೇ ಹಾವಿಗೆ, ಚೇಳಿಗೆ ಮನೆ. ಸಂದುಗಳಿಗೆ ಸಿಮೆಂಟ್ ತುಂಬಿ, ಆಗೋದಾದ್ರೆ ಹೊರಮೈಗೆ ನುಣ್ಣಗೆ ಗಾರೆ ಮಾಡಿ. ಹಾಲೋ ಬ್ಲಾಕ್ ಬಳಸಿದ್ರೆ ಮೇಲಿನ ಸಾಲಿನ ತೂತುಗಳಿಗೆ ಕಾಂಕ್ರೀಟ್ ತುಂಬೋದು ಮರೀಬೇಡಿ. ಎಷ್ಟೋ ಗೂಡುಗಳಲ್ಲಿ ಆ ಪೊಳ್ಳುಗಳೇ ಇಲಿಯ ಬಾಣಂತಿ ಕೋಣೆ. ಇಲಿ ಇದ್ದ ಕಡೆ ಹಾವು ಬಂದೇ ಬರುತ್ತೆ.

ನೆಲ ಹಸಿ ಮಣ್ಣಿನದಾದ್ರೆ ಹೆಗ್ಗಣ ಕೊರೆಯುತ್ತೆ, ಅದೇ ಬಿಲದಲ್ಲಿ ಹಾವು ಬರುತ್ತೆ. ಚಪ್ಪಡಿ ಹಾಸಿ ಸಂದಿಗೆ ಸಿಮೆಂಟ್ ಹಾಕಿ, ಇಲ್ಲಾ ಎರಡು ಮೂರು ಇಂಚು ಕಾಂಕ್ರೀಟ್ ಹಾಕಿ, ಮೇಲೆ ಭತ್ತದ ಹೊಟ್ಟೋ ಮರದ ಪುಡಿಯೋ ಹರಡಿ. ಅದಕ್ಕೂ ದುಡ್ಡಿಲ್ಲ ಅಂದ್ರೆ ಗೋಡೆಯ ಹೊರಗೆ ಸುತ್ತಲೂ ಒಂದೂವರೆ ಅಡಿ ಅಗಲಕ್ಕೆ ಮೆಶ್ಶನ್ನು ನೆಲದ ಮೇಲೆ ಮಲಗಿಸಿ, ಗೋಡೆಗೆ ಸೇರಿಸಿ, ಮಣ್ಣು ಮುಚ್ಚಿ. ಮುಂಗುಸಿ, ಉಡ, ನಾಯಿ ಎಲ್ಲವೂ ಗೋಡೆ ಬುಡದಲ್ಲೇ ಅಗೆಯೋದು, ಮೆಶ್ ಅಡ್ಡ ಬಂದ್ರೆ ಬಿಟ್ಟು ಹೋಗ್ತವೆ.

ಕಂಬಕ್ಕೆ ತುಮಕೂರು, ಕೋಲಾರದ ಕಡೆಯವರಿಗೆ ಕಲ್ಲು ಕಂಬದಷ್ಟು ಒಳ್ಳೇದು ಇನ್ನೊಂದಿಲ್ಲ. ಗೆದ್ದಲಿಲ್ಲ, ತುಕ್ಕಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ. ಮಲೆನಾಡಿನವರು ಅಡಿಕೆ ದಬ್ಬೆ, ಬಿದಿರು ಬಳಸ್ತಾರೆ. ಬಿದಿರಾದ್ರೆ ಮೂರು ನಾಲ್ಕು ವರ್ಷ ಬಲಿತಿರಬೇಕು, ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ನೀರಲ್ಲಿ ನೆನೆಸಿದ್ರೆ ಹುಡಿ ಹುಳ ಬೀಳಲ್ಲ. ನೆನೆಸಿದ ನೀರನ್ನು ಮಾತ್ರ ಗಿಡದ ಬುಡಕ್ಕೆ ಸುರೀಬೇಡಿ, ಬೋರಾನ್ ಹೆಚ್ಚಾದ್ರೆ ಗಿಡದ ಎಲೆ ಅಂಚು ಸುಡುತ್ತೆ. ಬಿದಿರಿನ ತುದಿಗಳು ಪೊಳ್ಳು, ಅದಕ್ಕೂ ಬಿರಡೆ ಹೊಡೀರಿ. ಹಳೇ ತೆಂಗಿನ ಮರದ ಹೊರಭಾಗದ ಕಪ್ಪು ಗಟ್ಟಿ ಮರ ಜಂತೆಗೆ ಚೆನ್ನಾಗಿ ಬರುತ್ತೆ, ಒಳಗಿನ ಬಿಳಿ ತಿರುಳು ಪ್ರಯೋಜನಕ್ಕಿಲ್ಲ.

ಗೆದ್ದಲಿಗೆ ಅಂತ ಗ್ಯಾರೇಜಿನ ಸುಟ್ಟ ಆಯಿಲ್ ಬಳಿಯೋದು ನಮ್ಮಲ್ಲಿ ರೂಢಿ. ಕೋಳಿ ಗೂಡಿಗೆ ಅದು ಬೇಡ. ಕೋಳಿ ಕಂಡಿದ್ದನ್ನೆಲ್ಲಾ ಕುಕ್ಕುತ್ತೆ, ಆ ಎಣ್ಣೆಯಲ್ಲಿ ಎಂಜಿನ್ ಸವೆದ ಲೋಹದ ಅಂಶ ಇರುತ್ತೆ, ಮಳೆಗೆ ತೊಳೆದು ಮಣ್ಣಿಗೂ ಹೋಗುತ್ತೆ. ಸಾವಯವ ಮೊಟ್ಟೆ ಅಂತ ಎರಡು ರೂಪಾಯಿ ಜಾಸ್ತಿಗೆ ಮಾರಿ ಗೂಡಿಗೆ ಸುಟ್ಟ ಆಯಿಲ್ ಬಳಿದ್ರೆ ಏನರ್ಥ? ಮರದ ಕಂಬವನ್ನು ಮಣ್ಣಲ್ಲಿ ಹೂಳದೆ, ಕಲ್ಲಿನ ಅಥವಾ ಸಿಮೆಂಟಿನ ಅಡಿಗಲ್ಲಿನ ಮೇಲೆ ನಿಲ್ಲಿಸಿದ್ರೆ ಗೆದ್ದಲ ಮಣ್ಣಿನ ದಾರಿ ಕಣ್ಣಿಗೆ ಕಾಣುತ್ತೆ, ಕೆರೆದು ಹಾಕಬಹುದು.

ಎಲ್ಲರೂ ಮರೆಯೋ ಎರಡು ಜಾಗ

ಒಂದು, ಚಾವಣಿ ಮತ್ತು ಗೋಡೆ ಸೇರೋ ಕಡೆ. ತಗಡಿನ ಶೀಟ್ ಅಲೆ ಅಲೆಯಾಗಿರುತ್ತೆ, ಕೆಳಗಿನ ಮರ ನೇರ ಇರುತ್ತೆ. ಒಂದೊಂದು ಅಲೆಯ ಕೆಳಗೂ ಹೆಬ್ಬೆರಳು ಹೋಗೋ ಸಂದು. 8 ಅಡಿ ಶೀಟಿನಲ್ಲಿ ಅಂಥ ಬಾಗಿಲು ಎಷ್ಟಿವೆ ಅಂತ ಎಣಿಸಿ ನೋಡಿ. ಮಂಗಳೂರು ಹೆಂಚಾದ್ರೆ ಹೇಳೋದೇ ಬೇಡ. ಕಾಲು ಇಂಚಿನ ಮೆಶ್ ಪಟ್ಟಿ ಕತ್ತರಿಸಿ ಮಡಚಿ ತುರುಕಿ, ಇಲ್ಲಾ ಗಾರೆ ತುಂಬಿ. ಹೆಂಚಿನ ಕೆಳಗೆ ಇಡೀ ಮೆಶ್ ಹಾಸಿಬಿಡೋದು ಸುಲಭ. ಹಳೇ ಆಸ್ಬೆಸ್ಟಾಸ್ ಶೀಟ್ ಪುಕ್ಕಟೆ ಸಿಕ್ಕಿದ್ರೂ ತರಬೇಡಿ, ಕೊಯ್ದಾಗ, ತೂತು ಹೊಡೆದಾಗ ಬರೋ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ತಗಡು ಕಾಯುತ್ತೆ ಅಂತ ಮೇಲೆ ಬಳ್ಳಿ ಹಬ್ಬಿಸೋ ಆಸೆ ಎಲ್ಲರಿಗೂ. ತೋಟಗಾರಿಕೆ ಓದಿದವನಾಗಿ ನಾನೇ ಹೀರೆ ಬಳ್ಳಿ ಹಾಕಿ ಅಂತ ಹೇಳಬೇಕಿತ್ತು. ಆದ್ರೆ ಬಳ್ಳಿ ಅಂದ್ರೆ ಏಣಿ. ತೆಂಗಿನ ಗರಿ ಹೊದಿಸಿದ್ರೆ ಇಲಿ ಗೂಡು ಕಟ್ಟುತ್ತೆ. ಬಿಳಿ ಸುಣ್ಣ ಬಳಿದು, ಚಾವಣಿ ಸ್ವಲ್ಪ ಎತ್ತರ ಮಾಡಿ, ನುಗ್ಗೆಯೋ ಅಗಸೆಯೋ ಮೂರು ನಾಲ್ಕು ಅಡಿ ದೂರದಲ್ಲಿ ನೆಟ್ಟು ಕೊಂಬೆ ಚಾವಣಿಗೆ ತಾಗದ ಹಾಗೆ ಸವರುತ್ತಾ ಇದ್ರೆ ನೆರಳೂ ಆಯ್ತು, ಮೇವೂ ಆಯ್ತು.

ಎರಡನೇ ಜಾಗ ಬಾಗಿಲು. ಪ್ಲೈವುಡ್ ಮಳೆಗೆ ಉಬ್ಬುತ್ತೆ, ಆಮೇಲೆ ಬೇಸಿಗೆಗೆ ಸೊಟ್ಟ ಆಗುತ್ತೆ, ಸಂದು ಬಿಡುತ್ತೆ. ಕಬ್ಬಿಣದ ಆಂಗಲ್ ಚೌಕಟ್ಟಿಗೆ ಮೆಶ್ ಬೆಸುಗೆ ಹಾಕಿಸಿದ್ರೆ ನೇರ ಇರುತ್ತೆ. ಕೆಳಗೆ ಹೊಸ್ತಿಲು ಇರಲೇಬೇಕು, ಬಾಗಿಲು ಅದಕ್ಕೆ ಬಂದು ಬಡಿಯಬೇಕು. ಉಳಿದ ಸಂದಿಗೆ ಹಳೇ ಟೈರಿನ ರಬ್ಬರ್ ಪಟ್ಟಿ ಹೊಡೀರಿ. ಅಳತೆಗೆ ಸ್ಕೇಲ್ ಬೇಡ, ಮಕ್ಕಳು ಬರೆಯೋ ಪೆನ್ಸಿಲ್ ತಗೊಳ್ಳಿ. ಬಾಗಿಲ ಸುತ್ತ ಎಲ್ಲಾದ್ರೂ ಪೆನ್ಸಿಲ್ ತೂರಿದ್ರೆ ಆ ಸಂದು ಮುಚ್ಚಬೇಕು.

ಮೊಟ್ಟೆ ಪೆಟ್ಟಿಗೆಯನ್ನು ಎದೆ ಎತ್ತರಕ್ಕೆ ಇಟ್ಟು ಹೊರಗಿನಿಂದ ಮುಚ್ಚಳ ತೆಗೆಯೋ ಹಾಗೆ ಮಾಡಿ. ಮೊದಲು ಕಣ್ಣು ನೋಡಲಿ, ಆಮೇಲೆ ಕೈ ಹೋಗಲಿ. ಮೇವಿನ ಚೀಲ ಗೂಡೊಳಗೆ ಬೇಡ, ಮುಚ್ಚಳ ಇರೋ ತಗಡಿನ ಡ್ರಮ್ಮಿನಲ್ಲಿ ದೂರ ಇಡಿ. ಬೆಳ್ಳುಳ್ಳಿ ನೀರು, ಫಿನಾಯಿಲ್, ಈಶ್ವರಿ ಬೇರು ಇವುಗಳಿಂದ ಹಾವು ಬರಲ್ಲ ಅಂತ ಹೇಳೋರು ಊರಿಗೆ ಹತ್ತು ಜನ ಇದ್ದಾರೆ. ನಾನು ಅವುಗಳನ್ನು ನಂಬಲ್ಲ. ಫಿನಾಯಿಲ್ ದುಡ್ಡಿಗೆ ಇನ್ನೊಂದು ಅಡಿ ಮೆಶ್ ಬರುತ್ತೆ.

ಗೂಡು ಮುಗಿದ ಮೇಲೆ, ಆಮೇಲೆ ಪ್ರತಿ ವರ್ಷ ಮುಂಗಾರಿಗೆ ಮುಂಚೆ, ಒಂದು ಪರೀಕ್ಷೆ ಮಾಡಿ. ಹಾವಿನ ಮೊಟ್ಟೆ ಒಡೆದು ಮರಿಗಳು ಓಡಾಡೋದು ಮಳೆ ಶುರುವಾದ ಆಸುಪಾಸಿನಲ್ಲೇ. ಕತ್ತಲಾದ ಮೇಲೆ, ಕೋಳಿಗಳನ್ನು ಒಳಗೆ ಬಿಡೋಕೆ ಮುಂಚೆ ಅಥವಾ ಗೂಡು ಖಾಲಿ ಇರೋ ದಿನ, ಒಳಗೆ ಒಂದು ಒಳ್ಳೆ ಬಲ್ಬ್ ಉರಿಸಿ ಬಾಗಿಲು ಹಾಕಿ. ಕಾಲಿಗೆ ಬೂಟು ಹಾಕಿಕೊಂಡು, ಫೋನಿನ ಟಾರ್ಚಲ್ಲಿ ನೆಲ ನೋಡ್ತಾ ಸುತ್ತ ಒಂದು ಸುತ್ತು ಬನ್ನಿ. ಗೋಡೆ ಬುಡ, ಮೂಲೆ, ಚಾವಣಿ ಅಂಚು, ಬಾಗಿಲ ಕೆಳಗೆ, ಎಲ್ಲೆಲ್ಲಿ ಬೆಳಕು ಹೊರಗೆ ಸೋರುತ್ತೋ ಅಲ್ಲೆಲ್ಲಾ ಸೀಮೆಸುಣ್ಣದ ಗುರುತು ಹಾಕಿ, ಫೋಟೋ ತಗೊಳ್ಳಿ. ಮಾರನೇ ದಿನ ಬೆಳಕಲ್ಲಿ ಗಾರೆ, ಮೆಶ್ ತುಂಡು ಹಿಡಿದು ಆ ಗುರುತುಗಳನ್ನು ಒಂದೊಂದಾಗಿ ಮುಚ್ಚಿ.